ಆಟದ ಗೂಡ್ಸ್ ಡಬ್ಬಿ ಆರಿಸುವುದು ಹೇಗೆ, ಕಾಪಾಡುವುದು ಹೇಗೆ



ಹೋದ ಸಲದ ಗೋಡೆ ಪತ್ರಿಕೆಯಲ್ಲಿ ಕೋಳಿ ಸಾಕಣೆ ಬಗ್ಗೆ ಬಂದಿತ್ತು. ಈ ಸಲ ನಾನು ಆಟದ ರೈಲಿನ ಗೂಡ್ಸ್ ಡಬ್ಬಿ ಬಗ್ಗೆ ಬರೆಯುತ್ತೇನೆ ಅಂದಾಗ ನಮ್ಮ ತರಗತಿಯವರು ನಕ್ಕರು. ಏಳನೇ ಕ್ಲಾಸಿಗೆ ಬಂದು ಆಟದ ಸಾಮಾನಾ ಅಂತ. ನಕ್ಕರೆ ನಗಲಿ. ಮೇಷ್ಟ್ರು ಮಾತ್ರ ನಗಲಿಲ್ಲ, ಒಂದರ ಬದಲು ಎರಡು ಡ್ರಾಯಿಂಗ್ ಶೀಟ್ ಕೊಟ್ಟರು. ಯಾಕೆ ಬರೆಯುತ್ತಿದ್ದೇನೆ ಅಂದರೆ, ನನ್ನ ಕೈಯಿಂದ ಒಂದು ಡಬ್ಬಿ ಹಾಳಾಯಿತು. ಅದರ ಬದಲು ಇನ್ನೊಂದನ್ನು ಆರಿಸುವಾಗ ನನಗೆ ಎಷ್ಟೋ ವಿಷಯ ಗೊತ್ತಾಯಿತು. ನಿಮ್ಮ ಮನೆಯಲ್ಲೂ ತಮ್ಮ ತಂಗಿಯರ ರೈಲು ಇರಬಹುದು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಯಲ್ದೂರಿನವರು ರೈಲು ನೋಡಬೇಕಾದರೆ ಶ್ರೀನಿವಾಸಪುರಕ್ಕೆ ಹೋಗಬೇಕು. ಆದರೆ ನಮ್ಮ ಮನೆಯಲ್ಲೇ ಒಂದು ರೈಲು ಇದೆ. ನಮ್ಮ ಅತ್ತೆ ದಸರಾ ನೋಡಿಕೊಂಡು ಬರುವಾಗ ಚನ್ನಪಟ್ಟಣದಲ್ಲಿ ತಂದ ಮರದ ರೈಲು. ಒಂದು ಎಂಜಿನ್, ಅದರ ಹಿಂದೆ ಎರಡು ತೆರೆದ ಡಬ್ಬಿ, ಕೊನೆಯಲ್ಲಿ ಗುಂಡನೆಯ ಕೆಂಪು ಟ್ಯಾಂಕ್ ಡಬ್ಬಿ. ರೈಲು ನನ್ನ ತಂಗಿಯದು. ಅವಳು ಒಂದನೇ ತರಗತಿ. ತೆರೆದ ಡಬ್ಬಿಗಳಿಗೆ ಹುಣಸೆ ಬೀಜ ತುಂಬಿ ಅಡಿಗೆಮನೆಯಿಂದ ಜಗಲಿಗೆ ಲೋಡು ಹೊಡೆಯುತ್ತಾಳೆ. ಟ್ಯಾಂಕಿಗೆ ಏನೂ ತುಂಬಕ್ಕಾಗಲ್ಲ, ಆದರೂ ಅವಳಿಗೆ ಅದೇ ಇಷ್ಟ. ರಾತ್ರಿ ಪಕ್ಕದಲ್ಲಿ ಇಟ್ಟುಕೊಂಡೇ ಮಲಗುತ್ತಿದ್ದಳು.

ಒಂದು ಸಲ ಅವಳಿಗೆ ಜ್ವರ ಬಂದಿತ್ತು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಇಡುತ್ತಾಳೆ ಅಂತ ಅಮ್ಮ ಬೈಯುತ್ತಿದ್ದರು. ಸರಿ, ನಾನು ಬುದ್ಧಿವಂತ ಅಂದುಕೊಂಡು ಬೀರುವಿನ ಮೇಲೆ ಕೊರೊನಾ ಕಾಲದಿಂದ ಉಳಿದಿದ್ದ ಸ್ಯಾನಿಟೈಸರ್ ಬಾಟಲಿ ತೆಗೆದೆ. ಬಟ್ಟೆಗೆ ಚೆನ್ನಾಗಿ ಹಾಕಿ ಟ್ಯಾಂಕ್ ಡಬ್ಬಿಯನ್ನು ತಿಕ್ಕಿದೆ. ಬಟ್ಟೆಯೆಲ್ಲ ಕೆಂಪಾಯಿತು. ಡಬ್ಬಿ ಬೆರಳಿಗೆ ಬೆಲ್ಲದ ಪಾಕದ ಹಾಗೆ ಅಂಟಿತು. ಹೆದರಿ ಪೇಪರ್ ಮೇಲೆ ಇಟ್ಟೆ, ಪೇಪರೂ ಅಂಟಿಕೊಂಡಿತು. ಒಣಗಿದ ಮೇಲೆ ನೋಡಿದರೆ ಹೊಳಪೆಲ್ಲ ಹೋಗಿ ಒಂದು ಕಡೆ ಬೋಳು, ಇನ್ನೊಂದು ಕಡೆ ಪೇಪರಿನ ಅಕ್ಷರ. ತಂಗಿ ಎದ್ದು ನೋಡಿ ಅತ್ತಳು. ಅಳು ನಿಂತ ಮೇಲೆ ನನ್ನ ಜೊತೆ ಮಾತು ಬಿಟ್ಟಳು. ಅದು ಅಳುವುದಕ್ಕಿಂತ ಕಷ್ಟ.

ಯಾಕೆ ಹೀಗಾಯಿತು ಅಂತ ವಿಜ್ಞಾನದ ಮೇಡಂ ಅವರನ್ನು ಕೇಳಿದೆ. ಅವರು ಹೇಳಿದ್ದು ಇದು. ಚನ್ನಪಟ್ಟಣದ ಗೊಂಬೆಯ ಮೇಲೆ ಇರುವುದು ಗೋಡೆಗೆ ಬಳಿಯುವಂಥ ಪೇಂಟ್ ಅಲ್ಲ, ಅರಗು. ಮಹಾಭಾರತದಲ್ಲಿ ಪಾಂಡವರನ್ನು ಸುಡಲು ಕಟ್ಟಿಸಿದರಲ್ಲ ಅರಗಿನ ಮನೆ, ಅದೇ ಅರಗು. ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಯ ಮೇಲೆ ಅರಗಿನ ಹುಳುಗಳು ಕೂತು ಒಂದು ಅಂಟು ಬಿಡುತ್ತವೆ. ಅದನ್ನು ಕಾಯಿಸಿ ಶುದ್ಧ ಮಾಡಿ ಬಣ್ಣ ಸೇರಿಸಿ ಕಡ್ಡಿಗಳಾಗಿ ಮಾಡುತ್ತಾರೆ. ಹಾಲೆ ಮರದ ತುಂಡನ್ನು ಲೇತ್ ಯಂತ್ರದಲ್ಲಿ ತಿರುಗಿಸುತ್ತಾ ಈ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿದರೆ ಕನ್ನಡಿಯ ಹಾಗೆ ಹೊಳಪು. ಹಾಲೆ ಮರ ಬೆಳ್ಳಗೆ, ಮೆತ್ತಗೆ, ನುಣ್ಣಗೆ ಇರುವುದರಿಂದ ಅದನ್ನೇ ಆರಿಸಿಕೊಂಡಿದ್ದಾರೆ. ಗುಂಡನೆಯ ವಸ್ತು ಲೇತಿನಲ್ಲಿ ತಿರುಗುತ್ತದೆ, ಅದಕ್ಕೆ ಅರಗು ಹಚ್ಚಬಹುದು. ಚೌಕದ ಹಲಗೆ ಹಾಗೆ ತಿರುಗಲ್ಲ, ಅದಕ್ಕೆ ಬೇರೆ ಬಣ್ಣ ಹಚ್ಚುತ್ತಾರೆ. ನಮ್ಮ ತೆರೆದ ಡಬ್ಬಿಗಳಿಗೆ ಬಳಿದಿರುವುದು ಅಂಥದ್ದೇ.

ಅರಗು ನೀರಿನಲ್ಲಿ ಕರಗಲ್ಲ, ಆದರೆ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ. ಬಡಗಿಗಳು ಅರಗನ್ನು ಸ್ಪಿರಿಟ್‌ಗೆ ಹಾಕಿಯೇ ಕುರ್ಚಿ ಮೇಜಿಗೆ ಪಾಲಿಶ್ ಹೊಡೆಯುತ್ತಾರಂತೆ. ಸ್ಯಾನಿಟೈಸರ್‌ನಲ್ಲಿ ಇರುವುದು ಬಹುಪಾಲು ಅದೇ ಜಾತಿಯ ಆಲ್ಕೋಹಾಲ್. ಅಂದರೆ ನಾನು ಡಬ್ಬಿಯನ್ನು ತೊಳೆಯಲಿಲ್ಲ, ಕರಗಿಸಿದೆ.

ಹೊಸದು ತಂದುಕೊಡುತ್ತೇನೆ ಅಂತ ತಂಗಿಗೆ ಮಾತು ಕೊಟ್ಟೆ. ಆದರೆ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಒಂದು ಜಾತ್ರೆಯಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಡಬ್ಬಿ ಕೊಂಡೆ. ಕೊಕ್ಕೆ ಕೂಡಲಿಲ್ಲ, ಹಗುರ ಬೇರೆ. ಗಾಳಿಗೇ ಬೀಳುತ್ತಿತ್ತು. 40 ರೂಪಾಯಿ ಹೋಯಿತು. ಆಗ ಬಂಗಾರಪೇಟೆಯಲ್ಲಿ ರೈಲ್ವೆ ಕೆಲಸದಲ್ಲಿರುವ ನಮ್ಮ ಚಿಕ್ಕಪ್ಪ ಹಬ್ಬಕ್ಕೆ ಬಂದಿದ್ದರು. ನನ್ನ ಕಥೆ ಕೇಳಿ, "ನೀನು ಬಣ್ಣ ನೋಡಿ ತಂದಿದೀಯ ಕಣೋ. ಡಬ್ಬಿ ತಗೊಳ್ಳೋವಾಗ ಮೇಲೆ ನೋಡಬಾರದು, ಕೆಳಗೆ ನೋಡಬೇಕು" ಅಂದರು.

ನಿಜವಾದ ಗೂಡ್ಸ್ ಗಾಡಿಯನ್ನು ನಾನು ಮಾಲೂರಿನಲ್ಲಿ ನೋಡಿದ್ದೇನೆ. ಬೆಂಗಳೂರು ಚೆನ್ನೈ ಲೈನು ಅಲ್ಲೇ ಹೋಗುವುದು. ಒಂದು ಸಲ ಎಣಿಸಿದೆ, 58 ಡಬ್ಬಿ ಬಂತು. ಡಬ್ಬಿಯ ಮೈಮೇಲೆ ಇಂಗ್ಲಿಷ್ ಅಕ್ಷರ ಬರೆದಿರುತ್ತಾರಲ್ಲ, ಅದು ಹೆಸರಲ್ಲ, ಜಾತಿ. ಬಿ ಓ ಎಕ್ಸ್ ಎನ್ ಅಂದರೆ ಕಲ್ಲಿದ್ದಲು, ಅದಿರು ತುಂಬುವ ಎತ್ತರದ ತೆರೆದ ಡಬ್ಬಿ. ಬಿ ಸಿ ಎನ್ ಅಂದರೆ ಮೇಲೆ ಮುಚ್ಚಿರುವುದು, ಅಕ್ಕಿ, ಗೋಧಿ, ಗೊಬ್ಬರ, ಸಿಮೆಂಟಿಗೆ. ಬಿ ಟಿ ಪಿ ಎನ್ ಅಂದರೆ ಪೆಟ್ರೋಲ್, ಡೀಸೆಲ್ ತುಂಬುವ ಟ್ಯಾಂಕು. ಮಾಲೂರಿಂದ ಬೆಂಗಳೂರಿನ ಕಡೆ ಹೋಗುವಾಗ ದೇವನಗೊಂದಿಯಲ್ಲಿ ಎಣ್ಣೆ ಡಿಪೋಗಳಿವೆ, ಅಲ್ಲಿ ಇವು ಸಾಲಾಗಿ ನಿಂತಿರುತ್ತವೆ. ಮೊದಲಿನ ಬಿ ಅಂದರೆ ಬೋಗಿ, ಎರಡು ಕಡೆ ನಾಲ್ಕು ನಾಲ್ಕು ಚಕ್ರ. ಕೊನೆಯ ಎನ್ ಅಂದರೆ ಗಾಳಿಯಿಂದ ಹಿಡಿಯುವ ಬ್ರೇಕು. 2021ರಲ್ಲಿ ನಮ್ಮ ಶ್ರೀನಿವಾಸಪುರದ ಕಡೆಯ ಮಾವಿನ ಹಣ್ಣು ಕಿಸಾನ್ ರೈಲಿನಲ್ಲಿ ದೆಹಲಿಗೆ ಹೋಯಿತು. ಆಗ ನಮ್ಮ ತಾತ, "ಮಾವು ನಮಗಿಂತ ಮುಂಚೆ ದಿಲ್ಲಿ ನೋಡ್ತು" ಅಂದಿದ್ದರು.

ಚಿಕ್ಕಪ್ಪ ಹೇಳಿದ ಮುಖ್ಯ ವಿಷಯ ಕೊಕ್ಕೆಯ ಎತ್ತರ. ನಮ್ಮ ದೇಶದ ದೊಡ್ಡ ಹಳಿಯ ಡಬ್ಬಿಗಳಲ್ಲಿ ಒಂದಕ್ಕೊಂದು ಕೂಡಿಸುವ ಭಾಗದ ನಡುಮಧ್ಯ ಹಳಿಯಿಂದ 1105 ಮಿಲಿಮೀಟರಿಗಿಂತ ಮೇಲಿರಬಾರದು, 1030ಕ್ಕಿಂತ ಕೆಳಗೂ ಇರಬಾರದು. ಖಾಲಿ ಇದ್ದಾಗ ಡಬ್ಬಿ ಮೇಲೆ ನಿಂತಿರುತ್ತದೆ, ಲೋಡು ಹಾಕಿದರೆ ಸ್ಪ್ರಿಂಗ್ ಒತ್ತಿ ಕೆಳಗೆ ಕೂರುತ್ತದೆ. ಹೇಗೆ ಇದ್ದರೂ 75 ಮಿಲಿಮೀಟರ್ ಒಳಗೇ ಇರಬೇಕು, ಅಂದರೆ ನಾಲ್ಕು ಬೆರಳಿನ ಅಗಲ ಅಷ್ಟೇ. ಅಷ್ಟು ದೊಡ್ಡ ರೈಲಿಗೇ ನಾಲ್ಕು ಬೆರಳಿನ ಲೆಕ್ಕ ಇರುವಾಗ ನಮ್ಮ ಆಟದ ರೈಲಿಗೆ ಎಷ್ಟಿರಬೇಕು? ಜಾತ್ರೆಯ ಡಬ್ಬಿ ಯಾಕೆ ಕೂಡಲಿಲ್ಲ ಅಂತ ಆಗ ಗೊತ್ತಾಯಿತು.

ಹೋದ ವರ್ಷ ಡಿಸೆಂಬರ್‌ನಲ್ಲಿ ಶಾಲೆಯಿಂದ ಮೈಸೂರು ಪ್ರವಾಸ ಇಟ್ಟರು. ಅಜ್ಜಿ 200 ರೂಪಾಯಿ ಕೊಟ್ಟರು. ಹೊರಡುವ ಹಿಂದಿನ ರಾತ್ರಿ ಒಂದು ಪೊರಕೆ ಕಡ್ಡಿಯನ್ನು ತಂಗಿಯ ರೈಲಿನ ಪಕ್ಕ ನಿಲ್ಲಿಸಿ, ಕೊಕ್ಕೆ ಎಷ್ಟು ಎತ್ತರ ಇದೆಯೋ ಅಲ್ಲಿಗೆ ಪೆನ್ನಿನಿಂದ ಗೆರೆ ಹಾಕಿ ಜಾಮಿಟ್ರಿ ಬಾಕ್ಸ್‌ನಲ್ಲಿ ಇಟ್ಟುಕೊಂಡೆ. ಮೈಸೂರಿನ ರೈಲು ಮ್ಯೂಸಿಯಂ ನೋಡಿದೆವು. 1979ರಲ್ಲಿ ಶುರುವಾದದ್ದು. ಮಹಾರಾಣಿಯವರ 1899ರ ಬೋಗಿ ಅಲ್ಲಿದೆ. ಎಲ್ಲರೂ ಅದರ ಹತ್ತಿರ ನಿಂತಿದ್ದರು, ನಾನು ಮಾತ್ರ ಬಗ್ಗಿ ಚಕ್ರ ನೋಡುತ್ತಿದ್ದೆ. "ಏನೋ ಬೀಳಿಸ್ಕೊಂಡೆ?" ಅಂತ ಪಿ.ಟಿ. ಮೇಷ್ಟ್ರು ಕೇಳಿದರು.

ವಾಪಸ್ ಬರುವಾಗ ಚನ್ನಪಟ್ಟಣದಲ್ಲಿ ಬಸ್ಸು ಅರ್ಧ ಗಂಟೆ ನಿಲ್ಲಿಸಿದರು. ಅಂಗಡಿಯವರು ಪೂರಾ ರೈಲು ತಗೊಂಡರೆ ಮಾತ್ರ ಕೊಡುತ್ತೇವೆ, ಒಂಟಿ ಡಬ್ಬಿ ಇಲ್ಲ ಅಂದರು. ನನಗೆ ಅಳುವೇ ಬಂತು. ಆಮೇಲೆ ಅವರೇ ಮೂಲೆಯಲ್ಲಿದ್ದ ಬುಟ್ಟಿ ತೋರಿಸಿ, "ಉಳಿದ ಪೀಸು ಅದರಲ್ಲಿವೆ ನೋಡಪ್ಪ" ಅಂದರು. ಬುಟ್ಟಿಯಲ್ಲಿ ಎರಡು ಟ್ಯಾಂಕ್ ಡಬ್ಬಿ ಇದ್ದವು. ಒಂದು ಕೆಂಪು, ಥಳಥಳ ಅಂತಿತ್ತು, ಚಿನ್ನದ ಬಣ್ಣದ ಪಟ್ಟೆ ಬೇರೆ. ಇನ್ನೊಂದು ಅರಿಶಿನ ಬಣ್ಣ, ಪಟ್ಟೆ ಗಿಟ್ಟೆ ಏನೂ ಇಲ್ಲ, ಧೂಳು ಹಿಡಿದಿತ್ತು. ಹಳೆಯದು ಕೆಂಪು ಇದ್ದದ್ದರಿಂದ ಕೈ ತಾನಾಗಿ ಕೆಂಪಿನ ಕಡೆ ಹೋಯಿತು. ಚಿಕ್ಕಪ್ಪನ ಮಾತು ನೆನಪಾಗಿ ಪರೀಕ್ಷೆ ಮಾಡಿದೆ.

ಮೊದಲು ತಲೆಕೆಳಗು ಮಾಡಿ ಒಂದೊಂದೇ ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಒಳ್ಳೆಯ ಚಕ್ರ ಸುತ್ತಿ ಸುತ್ತಿ ನಿಧಾನವಾಗಿ ನಿಲ್ಲುತ್ತದೆ. ತಕ್ಷಣ ನಿಂತರೆ ಅಚ್ಚು ಬಿಗಿ ಅಂತ. ಅಲುಗಾಡಿದರೆ ತೂತು ದೊಡ್ಡದು ಅಂತ. ಕೆಂಪಿನದರಲ್ಲಿ ಒಂದು ಚಕ್ರ ಮೊಟ್ಟೆಯ ಹಾಗೆ ಎದ್ದು ಬೀಳುತ್ತಿತ್ತು, ಅಂದರೆ ತೂತು ನಡುವಿನಲ್ಲಿ ಬಿದ್ದಿಲ್ಲ.

ಎರಡನೆಯದು ಓಟ. ಕೈಯಲ್ಲಿ ತಳ್ಳಿದರೆ ಒಂದಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ ಬಲ ಬೀಳುತ್ತದೆ, ಮೋಸ. ಅದಕ್ಕೆ ನಾನು ಬರೆಯುವ ಪ್ಯಾಡನ್ನು ಜಾಮಿಟ್ರಿ ಬಾಕ್ಸ್ ಮೇಲೆ ಓರೆಯಾಗಿ ಇಟ್ಟು, ಎರಡನ್ನೂ ಕ್ಲಿಪ್ಪಿನ ಹತ್ತಿರದಿಂದ ಸುಮ್ಮನೆ ಬಿಟ್ಟೆ. ಕೆಂಪು ಡಬ್ಬಿ ಎರಡು ಟೈಲ್ಸ್ ದಾಟಿ ಎಡಕ್ಕೆ ತಿರುಗಿ ನಿಂತಿತು. ಅರಿಶಿನದ್ದು ನೆಟ್ಟಗೆ ಐದನೇ ಟೈಲ್ಸ್‌ವರೆಗೆ ಹೋಯಿತು. ಅಂಗಡಿಯವರು ನಗುತ್ತಾ, "ಇಪ್ಪತ್ತು ವರ್ಷದಿಂದ ಮಾರ್ತಿದೀನಿ, ಇಂಥ ಗಿರಾಕಿ ನೋಡಿಲ್ಲ" ಅಂದರು. ಆದರೂ ಬೇಡ ಅನ್ನಲಿಲ್ಲ.

ಮೂರನೆಯದು ಕೊಕ್ಕೆ. ಪೊರಕೆ ಕಡ್ಡಿ ಇಟ್ಟು ನೋಡಿದೆ. ಕೆಂಪಿನ ಕೊಕ್ಕೆ ಗೆರೆಗಿಂತ ಒಂದು ಬಳಪದ ದಪ್ಪ ಮೇಲಿತ್ತು. ಹಾಗಿದ್ದರೆ ಎಳೆತ ನೆಟ್ಟಗಿರಲ್ಲ, ತಿರುವಿನಲ್ಲಿ ಪಲ್ಟಿ. ಅರಿಶಿನದ್ದು ಗೆರೆಗೆ ಸರಿಯಾಗಿ ಬಂತು. ಕೊಕ್ಕೆ ಬುಡದಲ್ಲಿ ಮರ ಸೀಳಿದೆಯಾ ಅಂತಲೂ ನೋಡಬೇಕು, ಮೊದಲು ಒಡೆಯುವುದು ಅಲ್ಲೇ. ಕೊನೆಗೆ ಒದ್ದೆ ಕರ್ಚೀಫಿನಿಂದ ಒಂದು ಮೂಲೆ ಉಜ್ಜಿದೆ, ಬಣ್ಣ ಬಿಡಲಿಲ್ಲ. ಚಿಕ್ಕ ಮಕ್ಕಳು ಬಾಯಿಗೆ ಇಡುವುದರಿಂದ ಇದು ಮರೆಯಬಾರದು.

ಬಸ್ಸು ಹಾರನ್ ಹೊಡೆಯುತ್ತಿತ್ತು. 90 ರೂಪಾಯಿ ಕೊಟ್ಟು ಅರಿಶಿನದ್ದು ತಂದೆ. ಕೆಂಪನ್ನು ನನ್ನ ಗೆಳೆಯ ಒಬ್ಬ ಕೊಂಡ. ಅದು ಈಗ ಅವರ ಮನೆಯ ಟಿ.ವಿ. ಮೇಲೆ ಚೆನ್ನಾಗಿಯೇ ಕಾಣುತ್ತದೆ. ಓಡಿಸದೆ ಬರೀ ನೋಡುವುದಾದರೆ ಕೆಂಪೇ ಸರಿ ಅಂತ ನಾನೂ ಒಪ್ಪುತ್ತೇನೆ.

ಇನ್ನು ದೊಡ್ಡವರ ಮಾದರಿ ರೈಲಿನ ಬಗ್ಗೆ ಸ್ವಲ್ಪ. ಹೊರದೇಶಗಳಲ್ಲಿ, ನಮ್ಮ ದೇಶದ ದೊಡ್ಡ ಊರುಗಳಲ್ಲೂ ಕೆಲವರು, ನಿಜವಾದ ರೈಲನ್ನೇ ಅಳತೆಗೆ ಸರಿಯಾಗಿ ಚಿಕ್ಕದು ಮಾಡಿ ಕರೆಂಟಿನ ಮೇಲೆ ಓಡಿಸುತ್ತಾರೆ. ಬಹಳ ಜನ ಇಟ್ಟುಕೊಳ್ಳುವ ಅಳತೆಗೆ ಎಚ್ ಓ ಅನ್ನುತ್ತಾರೆ, 87ರಲ್ಲಿ ಒಂದು ಪಾಲು. ಗಣಿತದ ಮೇಷ್ಟ್ರು ಅನುಪಾತ ಪಾಠ ಮಾಡುವಾಗ ಇದನ್ನೇ ಲೆಕ್ಕ ಕೊಟ್ಟರು. ಬಿ ಓ ಎಕ್ಸ್ ಎನ್ ಡಬ್ಬಿಯ ಉದ್ದ 10713 ಮಿಲಿಮೀಟರ್. 87ರಿಂದ ಭಾಗಿಸಿದರೆ 123, ನಮ್ಮ ಸ್ಕೇಲಿಗಿಂತ ಚಿಕ್ಕದು. ಎಚ್ ಓ ಹಳಿಯ ಅಗಲ 16.5 ಮಿಲಿಮೀಟರ್. ಆದರೆ ನಮ್ಮ ದೊಡ್ಡ ಹಳಿ 1676 ಮಿಲಿಮೀಟರ್, ಭಾಗಿಸಿದರೆ 19 ದಾಟುತ್ತದೆ. ಅಂದರೆ ಆ ಹಳಿ ನಮ್ಮ ರೈಲಿಗೆ ಸರಿಯಾದ ಅಳತೆ ಅಲ್ಲ! ಅದು ಹೊರದೇಶದ 1435 ಮಿಲಿಮೀಟರ್ ಹಳಿಗೆ ಮಾಡಿದ್ದು. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಹಾಕಿದ ಸಣ್ಣ ಹಳಿ 762 ಮಿಲಿಮೀಟರ್ ಇತ್ತು. ಬೌರಿಂಗ್‌ಪೇಟೆ ಅಂದರೆ ಈಗಿನ ಬಂಗಾರಪೇಟೆ. ಆ ಹಳಿಯೇ ಆಮೇಲೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಸೇರಿತು. 762ನ್ನು ಭಾಗಿಸಿದರೆ ಹತ್ತಿರ ಹತ್ತಿರ 9. ಈ 9 ಮಿಲಿಮೀಟರ್ ಹಳಿ ಮಾದರಿ ರೈಲಿನವರ ಹತ್ತಿರ ನಿಜವಾಗಿ ಇದೆ. ನಮ್ಮ ಕಡೆಯ ಆ ಹಳಿಯನ್ನು 2013ರಲ್ಲಿ ದೊಡ್ಡದು ಮಾಡಿ ಮುಗಿಸಿದರು. ಹಳೆಯ ಪುಟ್ಟ ರೈಲು ನೋಡಬೇಕಾದರೆ ಯಾರಾದರೂ ಮಾದರಿ ಮಾಡಬೇಕು. ನಾನು ದೊಡ್ಡವನಾದರೆ ಮಾಡುತ್ತೇನೆ.

ತೂಕದ ಲೆಕ್ಕ ಇನ್ನೂ ಮಜವಾಗಿದೆ. ಬಿ ಓ ಎಕ್ಸ್ ಎನ್ ಖಾಲಿ ಡಬ್ಬಿ ಸುಮಾರು 22.5 ಟನ್. ಉದ್ದ, ಅಗಲ, ಎತ್ತರ ಮೂರೂ 87 ಪಾಲು ಚಿಕ್ಕದಾಗುವುದರಿಂದ 87ನ್ನು ಮೂರು ಸಲ ಗುಣಿಸಬೇಕು, 658503 ಬರುತ್ತದೆ. ಅದರಿಂದ ಭಾಗಿಸಿದರೆ ಮಾದರಿ ಡಬ್ಬಿ 34 ಗ್ರಾಂ ಇರಬೇಕು. ಆದರೆ ಅಮೆರಿಕದಲ್ಲಿ 1935ರಲ್ಲಿ ಶುರುವಾದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಶನ್ ಎಂಬ ಸಂಘದವರು ಬೇರೆ ಲೆಕ್ಕ ಹೇಳುತ್ತಾರೆ. ಎಚ್ ಓ ಡಬ್ಬಿಗೆ ಒಂದು ಔನ್ಸ್, ಅದರ ಮೇಲೆ ಒಂದೊಂದು ಅಂಗುಲ ಉದ್ದಕ್ಕೆ ಅರ್ಧ ಔನ್ಸ್. ಒಂದು ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ. ಹಾಗೆ ಲೆಕ್ಕ ಹಾಕಿದರೆ ಅದೇ ಡಬ್ಬಿ 97 ಗ್ರಾಂ ಇರಬೇಕು! ಹಗುರ ಡಬ್ಬಿ ತಿರುವಿನಲ್ಲಿ ಹಳಿ ತಪ್ಪುತ್ತದೆ, ಅದಕ್ಕೆ ಒಳಗೆ ಭಾರ ಇಡುತ್ತಾರೆ. ಭಾರವನ್ನು ಆದಷ್ಟು ಕೆಳಗೆ, ನಡುವೆ ಇಡಬೇಕು. ನಾನು ಅರಿಶಿನ ಡಬ್ಬಿಯನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ನಾಲ್ಕು ಅಂಗುಲ ಉದ್ದ, 92 ಗ್ರಾಂ. ಆ ಲೆಕ್ಕದಲ್ಲಿ 85 ಬರಬೇಕು. ಮರದ ಆಟಿಕೆಗೆ ಆ ನಿಯಮ ಇಲ್ಲ, ಆದರೂ ಖುಷಿಯಾಯಿತು.

ಈಗ ಕಾಪಾಡುವುದು. ಮರದ ಡಬ್ಬಿಯನ್ನು ಒಣಗಿದ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಯಾನಿಟೈಸರ್, ಸೆಂಟು, ಸ್ಪಿರಿಟ್ ಹತ್ತಿರವೂ ತರಬಾರದು. ನೀರಿಗೆ ಅರಗು ಕರಗಲ್ಲ ಅಂತ ನೆನೆಹಾಕಬೇಡಿ, ಚಕ್ರದ ತೂತಿನೊಳಗೆ ಅರಗು ಇರಲ್ಲ, ಅಲ್ಲಿ ಮರ ನೀರು ಕುಡಿದು ಉಬ್ಬಿ ಅಚ್ಚು ಹಿಡಿದುಕೊಳ್ಳುತ್ತದೆ. ಒಲೆಯ ಪಕ್ಕ, ಬಿಸಿಲಿಗೆ ಕಾದ ಶೀಟಿನ ಕೆಳಗಿನ ಅಟ್ಟದಲ್ಲಿ ಇಡಬಾರದು, ಅರಗು ಬಿಸಿಗೆ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಕವರಿಗಿಂತ ಹಳೇ ಸೀರೆ ತುಂಡು ಒಳ್ಳೆಯದು.

ಅಚ್ಚಿಗೆ ಕೊಬ್ಬರಿ ಎಣ್ಣೆ ಬಿಡುವವರು ಇದ್ದಾರೆ. ಎರಡು ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಧೂಳು ಕೂತು ಗಟ್ಟಿಯಾಗುತ್ತದೆ. ಅದಕ್ಕೆ ಪೆನ್ಸಿಲ್ ಸೀಸವನ್ನು ಬ್ಲೇಡಿನಿಂದ ಹೆರೆದು ಆ ಕಪ್ಪು ಪುಡಿಯನ್ನು ಚಿಟಿಕೆ ಹಾಕಿ ಚಕ್ರ ತಿರುಗಿಸಬೇಕು. ಪೆನ್ಸಿಲ್‌ನಲ್ಲಿರುವ ಗ್ರಾಫೈಟ್ ಜಾರುವ ಗುಣದ್ದು, ಧೂಳು ಹಿಡಿಯಲ್ಲ. ಬ್ಲೇಡು ಹಿಡಿಯುವಾಗ ದೊಡ್ಡವರು ಇರಲಿ. ಪುಡಿ ಹಾಕುವ ಮುಂಚೆ ಅಚ್ಚಿಗೆ ಸುತ್ತಿರುವ ಕೂದಲು, ದಾರ ತೆಗೆಯಬೇಕು. ನಮ್ಮ ಮನೆಯಲ್ಲಿ ಅಮ್ಮ, ಅಜ್ಜಿ, ತಂಗಿ ಮೂವರ ಕೂದಲೂ ರೈಲಿನ ಅಚ್ಚಿನಲ್ಲೇ ಇರುತ್ತದೆ.

ಪ್ರವಾಸದಿಂದ ಬಂದ ರಾತ್ರಿ ಹನ್ನೊಂದಾಗಿತ್ತು. ಬೆಳಿಗ್ಗೆ ತಂಗಿಗೆ ಡಬ್ಬಿ ಕೊಟ್ಟೆ. ಅವಳು ಮಾತಾಡಲಿಲ್ಲ. ಕೂಡಿಸಿ ನೋಡಿದಳು, ಕೊಕ್ಕೆ ಕೂಡಿತು. ಜಗಲಿಯವರೆಗೆ ಎಳೆದುಕೊಂಡು ಹೋಗಿ ಬಂದಳು. ಆಮೇಲೆ ಒಳಗೆ ಹೋಗಿ ರಾಗಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ಬೋಳು ಕೆಂಪು ಡಬ್ಬಿಯನ್ನು ತಂದಳು. ಅಮ್ಮ ಅದನ್ನು ಒಲೆಗೆ ಹಾಕಿದ್ದಾರೆ ಅಂತಲೇ ನಾನು ಅಂದುಕೊಂಡಿದ್ದೆ. ಅದನ್ನು ನನ್ನ ಮುಂದೆ ಇಟ್ಟು, "ಇದರ ಚಕ್ರನೂ ಸರಿ ಮಾಡು" ಅಂದಳು.

ಅಚ್ಚಿನಲ್ಲಿ ಗೇಣುದ್ದ ಕೂದಲು ಸುತ್ತಿತ್ತು. ಪಿನ್ನಿನಿಂದ ತೆಗೆದು ಪೆನ್ಸಿಲ್ ಪುಡಿ ಹಾಕಿದೆ. ಬಣ್ಣ ಬರಲಿಲ್ಲ, ಪೇಪರಿನ ಅಕ್ಷರ ಇನ್ನೂ ಹಾಗೇ ಇದೆ, ತಿರುಗುಮುರುಗಾಗಿ. ಆದರೆ ಓಟ ಅರಿಶಿನದ್ದಕ್ಕಿಂತ ಒಂದು ಗೇಣು ಜಾಸ್ತಿ. ಈಗ ರೈಲಿಗೆ ನಾಲ್ಕು ಡಬ್ಬಿ. ಎಂಜಿನ್ ಹಿಂದೆ ಮೊದಲನೆಯದೇ ಆ ಬೋಳು ಟ್ಯಾಂಕು, ಅದನ್ನು ಅಲ್ಲಿಂದ ಕದಲಿಸಲು ತಂಗಿ ಬಿಡಲ್ಲ.